ಭೀಮೆಯ ದಂಡೆಯ ಊರಲ್ಲಿ ಎಷ್ಟು ಮಂದಿ?

ಪಕ್ಕದ ಮನೆಯ ಹುಡುಗಿ ಆರನೇ ತರಗತಿಯಲ್ಲಿ ಓದುತ್ತಾಳೆ. ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ, ಶಾಲೆ ಬಿಟ್ಟವಳೇ ಚೀಲವನ್ನೂ ಇಳಿಸದೆ ನೇರ ನಮ್ಮ ಕಟ್ಟೆಗೆ ಬಂದು ಕುಳಿತಳು.

“ಮುತ್ಯಾ, ನದಿ ದಂಡಿ ಮ್ಯಾಲಿನ ಒಂದು ಸಣ್ಣ ಊರಿನ ಬಗ್ಗೆ ಬರಕೊಂಡು ಬರ್ರಿ ಅಂತ ಹೇಳ್ಯಾರ್ರಿ. ಒಂದು ಪುಟ ಇತಿಹಾಸ, ಒಂದು ಪುಟ ಜನಸಂಖ್ಯೆ. ನಮ್ಮೂರೇ ಬರೀಲೇನ್ರಿ?”

ನಮ್ಮೂರು ಗೋಗಿ. ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ. ಒಂದು ಕಡೆ ಭೀಮಾ ಹರಿಯುತ್ತಾಳೆ, ಇನ್ನೊಂದು ಕಡೆ ಕೃಷ್ಣಾ. ನಾವು ಇಬ್ಬರ ನಡುವೆ ಇದ್ದೇವೆಯೇ ಹೊರತು ಯಾರ ದಂಡೆಯ ಮೇಲೂ ಇಲ್ಲ. ಹಾಗೆಂದು ಹೇಳಿದಾಗ ಅವಳ ಮುಖ ಸಪ್ಪಗಾಯಿತು. ಅಣ್ಣನ ಫೋನಿನಲ್ಲಿ ಅವಳು ಇಂಗ್ಲೆಂಡಿನ ಒಂದು ಹಳ್ಳಿಯ ಬಗ್ಗೆ ಆಗಲೇ ನೋಡಿಕೊಂಡು ಬಂದಿದ್ದಳು. ಹೊಳೆ, ಹಳೆಯ ಚರ್ಚು, ಒಂದು ಸೇತುವೆ. ಕೆಳಗೆ ಯಾವ ವರ್ಷ ಎಷ್ಟು ಮಂದಿ ಎಂಬ ಪಟ್ಟಿ. “ಹಿಂಗೇ ಬೇಕು ನನಗ” ಎಂದಳು.

ಇಂಗ್ಲೆಂಡಿನ ಹಳ್ಳಿಗಳಿಗೆ ಈ ಒಂದು ಅನುಕೂಲ ಇದೆ. 1086ರಲ್ಲಿ ವಿಲಿಯಂ ಎಂಬ ರಾಜ ದೇಶದ ತುಂಬ ಅಧಿಕಾರಿಗಳನ್ನು ಕಳಿಸಿ, ಯಾವ ಊರಲ್ಲಿ ಎಷ್ಟು ಹೊಲ, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು ಬರೆಸಿದ. ಅದಕ್ಕೆ ಡೂಮ್ಸ್‌ಡೇ ಪುಸ್ತಕ ಎಂದು ಹೆಸರು. ರಾಜನಿಗೆ ಬೇಕಾಗಿದ್ದದ್ದು ಕಂದಾಯ. ಆದ್ದರಿಂದ ಅದರಲ್ಲಿ ಲೆಕ್ಕಕ್ಕೆ ಬಂದವರು ಬಹುಪಾಲು ಮನೆಯ ಯಜಮಾನರು. ಹೆಂಡತಿ ಮಕ್ಕಳು ಇಲ್ಲ. 1801ರಿಂದ ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತ ಬಂದಿದೆ. ಅದಕ್ಕೇ ಅಲ್ಲಿಯ ಪುಟ್ಟ ಹಳ್ಳಿಗೂ ಉದ್ದನೆಯ ಪಟ್ಟಿ ಸಿಗುತ್ತದೆ.

“ನಮಗೂ ಹಳೇ ಪಟ್ಟಿ ಸಿಗ್ತದವ್ವಾ, ಆದ್ರ ಹಾಳಿ ಮ್ಯಾಲಲ್ಲ, ಕಲ್ಲಿನ ಮ್ಯಾಲೆ. ನಾಳೆ ಸನ್ನತಿಗೆ ಹೋಗೂಣು” ಎಂದೆ.

ಸನ್ನತಿ ನಮಗೆ ದೂರವಲ್ಲ. ಶಹಾಪುರಕ್ಕೆ ಹೋಗಿ, ಅಲ್ಲಿಂದ ಬ್ಯಾರೇಜಿನ ಸೇತುವೆಯ ಮೇಲೆ ಭೀಮೆಯನ್ನು ದಾಟಿದರೆ ಆಯಿತು. ಹೊಳೆ ದಾಟಿದರೆ ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕು. 2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗುವ ತನಕ ಈಚೆಯವರು ಆಚೆಯವರು ಎಲ್ಲ ಒಂದೇ ಜಿಲ್ಲೆಯವರಾಗಿದ್ದೆವು. ಪರಿಚಯದವರ ಟಂಟಂನಲ್ಲಿ ಬೆಳಿಗ್ಗೆ ಹೊರಟೆವು. ನಾನು, ಹುಡುಗಿ, ಹುಡುಗಿಯ ಆಯಿ. ಆಯಿಗೆ ಇತಿಹಾಸ ಬೇಕಾಗಿರಲಿಲ್ಲ. ಚಂದ್ರಲಾಂಬೆಗೆ ಕಾಯಿ ಒಡೆಸುವುದಿತ್ತು.

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಸುಮಾರು 860 ಕಿಲೋಮೀಟರ್ ಹರಿದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುವ ಹೊಳೆ ಇದು. ಜನವರಿಯಲ್ಲಿ ತಣ್ಣಗೆ ಮಲಗಿದಂತೆ ಕಾಣುತ್ತದೆ. 2020ರ ಅಕ್ಟೋಬರಿನಲ್ಲಿ ಇದೇ ಹೊಳೆ ದಂಡೆಯ ಊರುಗಳೊಳಗೆ ನುಗ್ಗಿದ್ದನ್ನು ನೋಡಿದವರು ಆ ತಣ್ಣನೆಯ ಮುಖವನ್ನು ನಂಬುವುದಿಲ್ಲ.

ಊರು ಸಣ್ಣದು. ಚಂದ್ರಲಾಂಬೆಯ ಗುಡಿಯೇ ಅದರ ಕೇಂದ್ರ. ದೇವಿ ದುಂಬಿಗಳ ರೂಪದಲ್ಲಿ ಬಂದು ದುಷ್ಟ ಸೇತುರಾಜನನ್ನು ಅಟ್ಟಿದಳೆಂಬ ಕತೆಯನ್ನು ಆಯಿ ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಎಷ್ಟೋ ಮನೆತನಗಳಿಗೆ ಈಕೆಯೇ ಕುಲದೇವತೆ. ಅವರು ಯಾರೂ ಇಲ್ಲಿ ವಾಸವಿಲ್ಲ, ಆದರೂ ‘ನಮ್ಮ ಸನ್ನತಿ’ ಎನ್ನುತ್ತಾರೆ. ಇವರನ್ನು ಎಲ್ಲಿ ಬರೆಯಬೇಕು ಎಂದು ಹುಡುಗಿ ಕೇಳಿದಳು. ಇತಿಹಾಸದ ಪುಟದಲ್ಲಿ ಬರಿ ಎಂದೆ.

ಇನ್ನು ಕಲ್ಲಿನ ವಿಷಯ. ಈ ಊರಿನ ಹಳೆಯ ಕುರುಹುಗಳ ಕಡೆಗೆ 1954ರಲ್ಲೇ ಕಪಟರಾಳ ಕೃಷ್ಣರಾವ್ ಅವರು ವಿದ್ವಾಂಸರ ಗಮನ ಸೆಳೆದಿದ್ದರು. ಆದರೆ ದೊಡ್ಡ ಗುಟ್ಟು ಗುಡಿಯೊಳಗೇ ಅಡಗಿತ್ತು. 1980ರ ದಶಕದಲ್ಲಿ ಚಂದ್ರಲಾಂಬೆಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು, ವಿಗ್ರಹ ಒಡೆಯಿತು. ವಿಗ್ರಹ ನಿಂತಿದ್ದ ಪೀಠದ ಕಲ್ಲನ್ನು ಸರಿಸಿ ನೋಡಿದರೆ ಎರಡೂ ಬದಿಯಲ್ಲಿ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನ. ಅದರ ಬೆಲೆ ತಿಳಿಯದ ಹಿಂದಿನವರು ಯಾರೋ ದೇವಿಯ ಮೂರ್ತಿಯನ್ನು ನಿಲ್ಲಿಸಲು ನಟ್ಟನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋದವು. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಪೀಠವಾಗಿ ಉಪಯೋಗಕ್ಕೆ ಬಂದದ್ದರಿಂದಲೇ ಆ ಕಲ್ಲು ಯಾರದೋ ಮನೆಯ ಮೆಟ್ಟಿಲಾಗದೆ ಉಳಿಯಿತು.

ಆ ಕಲ್ಲಿನ ವಿಶೇಷ ಇನ್ನೊಂದಿದೆ. ಅಶೋಕನ ‘ಪ್ರತ್ಯೇಕ ಶಾಸನ’ಗಳು ಎಂದು ಎರಡಿವೆ. ತನ್ನ ಅಧಿಕಾರಿಗಳು ಜನರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಅವುಗಳಲ್ಲಿ ತಾಕೀತು ಮಾಡಿದ್ದಾನೆ. ಅವು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಸಿಕ್ಕಿದ್ದವು. ಅಷ್ಟು ದೂರದಿಂದ ಬಂದರೆ ನಮ್ಮ ಸನ್ನತಿಯಲ್ಲೇ! ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಅರ್ಥದ ಮಾತು ಬರುವುದು ಈ ಶಾಸನಗಳಲ್ಲಿಯೇ.

“ಅಷ್ಟು ಮಕ್ಕಳಿದ್ರ ಎಣಿಸಿದ್ನೇನ್ರಿ ಮುತ್ಯಾ?”

ಒಳ್ಳೆಯ ಪ್ರಶ್ನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಗೋಪ’ ಎಂಬ ಒಬ್ಬ ಅಧಿಕಾರಿ ಬರುತ್ತಾನೆ. ಐದೋ ಹತ್ತೋ ಹಳ್ಳಿಗಳು ಅವನ ಪಾಲಿಗೆ. ಪ್ರತಿ ಮನೆಯಲ್ಲಿ ಎಷ್ಟು ಮಂದಿ, ಯಾರ ಕಸುಬು ಏನು, ದನಕರು ಎಷ್ಟು, ಆದಾಯ ಖರ್ಚು ಎಷ್ಟು ಎಂದು ಅವನು ಬರೆದಿಡಬೇಕು. ಎಣಿಸುವ ವಿದ್ಯೆ ನಮಗೆ ಹೊಸದಲ್ಲ. ಅಂಥ ಓಲೆಗಳು ಉಳಿದಿಲ್ಲ, ಅಷ್ಟೇ.

ಗುಡಿಯಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ಹೊಳೆಯ ಇದೇ ದಂಡೆಯಲ್ಲಿ ಕನಗನಹಳ್ಳಿ. ಹುಡುಗಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ಪುರಾತತ್ವ ಇಲಾಖೆಯವರು 1994ರಿಂದ 2001ರ ತನಕ ಇಲ್ಲಿ ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪ ಚೂರುಚೂರಾಗಿ ಸಿಕ್ಕಿತು. ಸುಮಾರು ಎರಡು ಸಾವಿರ ವರ್ಷದ ಹಿಂದಿನದು. ಕಲ್ಲಿನ ಹಲಗೆಗಳ ಮೇಲೆ ಬುದ್ಧನ ಜೀವನದ ಕತೆಗಳು, ಶಾತವಾಹನ ಅರಸರ ಚಿತ್ರಗಳು. ಒಂದು ಹಲಗೆಯಲ್ಲಿ ರಾಜ ರಾಣಿ ನಿಂತಿದ್ದಾರೆ, ಹಿಂದೆ ಕೊಡೆ ಚಾಮರ ಹಿಡಿದ ಸೇವಕಿಯರಿದ್ದಾರೆ. ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ಬರೆದಿದೆ: ಅಶೋಕ ರಾಜ. ಪಠ್ಯಪುಸ್ತಕದಲ್ಲಿ ನಾವು ಓದುವ ಅಶೋಕನ ಮುಖ ಹೆಸರಿನ ಸಮೇತ ಕಲ್ಲಿನಲ್ಲಿ ಸಿಕ್ಕಿದ್ದು ಈ ಭೀಮೆಯ ದಂಡೆಯಲ್ಲಿ.

ಆ ಕಲ್ಲು ಯಾವುದು ಗೊತ್ತೇ ಮಕ್ಕಳೇ? ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸುತ್ತೇವಲ್ಲ, ಪರ್ಸಿ ಕಲ್ಲು, ಶಹಾಬಾದ್ ಕಲ್ಲು ಎನ್ನುತ್ತೇವಲ್ಲ, ಅದರ ಬಳಗದ್ದೇ. ಭೀಮೆಯ ಬಯಲಿನ ಸುಣ್ಣಕಲ್ಲು. ಇದರದೇ ಪದರಗಳು ನಮ್ಮ ಗೋಗಿಯ ನೆಲದಡಿಯಲ್ಲೂ ಇವೆ. ಅಲ್ಲಿ ಯುರೇನಿಯಂ ಸಿಕ್ಕಿದ್ದು, ಗಣಿ ಬೇಡವೆಂದು ಊರವರು ಎದ್ದುನಿಂತದ್ದು ಬೇರೆಯೇ ಕತೆ, ಇನ್ನೊಮ್ಮೆ ಹೇಳುತ್ತೇನೆ.

ರಾಜರ ಚಿತ್ರ ನೋಡಿ ಹುಡುಗಿ ಖುಷಿಪಟ್ಟಳು. ನಾನು ಅವಳಿಗೆ ತೋರಿಸಬೇಕೆಂದಿದ್ದದ್ದು ಬೇರೆ. ಇಲ್ಲಿ ಬಹಳಷ್ಟು ಕಲ್ಲುಗಳ ಮೇಲೆ ಸಣ್ಣ ಸಣ್ಣ ಅಕ್ಷರಗಳಲ್ಲಿ ಒಂದೊಂದು ಸಾಲಿದೆ. ಈ ಕಲ್ಲು ಇಂಥವರ ದಾನ, ಅಷ್ಟೇ. ಕೊಟ್ಟವರು ರಾಜರಲ್ಲ. ಗೃಹಸ್ಥರು, ವ್ಯಾಪಾರಿಗಳು, ಭಿಕ್ಷುಗಳು, ಭಿಕ್ಷುಣಿಯರು. ಹೆಣ್ಣುಮಕ್ಕಳೂ ತಮ್ಮ ಹೆಸರಿನಲ್ಲಿ ಕೊಟ್ಟಿದ್ದಾರೆ. ಇಂಥವನ ಮಗ, ಇಂಥವಳ ತಾಯಿ ಎಂದು ಸಂಬಂಧವನ್ನೂ ಬರೆಸಿದ್ದಾರೆ. ಸನ್ನತಿಯ ಸುತ್ತ ಆ ಕಾಲದ ಸ್ಮಾರಕ ಕಲ್ಲುಗಳೂ ಸಿಕ್ಕಿವೆ. ಗಂಡ ಹೆಂಡತಿ ಕೂತಿರುವಂತೆ, ಎತ್ತಿನ ಬಂಡಿ ಹೊರಟಿರುವಂತೆ ಕೆತ್ತಿ, ತೀರಿಹೋದವರ ಹೆಸರು ಬರೆದಿದ್ದಾರೆ.

“ಅಂದ್ರ ಇದು ಆಗಿನ ಜನಗಣತಿ ಏನ್ರಿ?”

“ಕಲ್ಲು ಕೊಡಾಕ ರೊಕ್ಕ ಇದ್ದವರ ಗಣತಿ” ಎಂದೆ. ಆ ಕಲ್ಲನ್ನು ಗಣಿಯಿಂದ ಎಳೆದು ತಂದವರು, ಉಳಿ ಹಿಡಿದವರು, ಅವರಿಗೆ ರೊಟ್ಟಿ ತಟ್ಟಿಕೊಟ್ಟವರು ಆ ಸಾಲುಗಳಲ್ಲಿ ಇಲ್ಲ. ಅವಳು ಇದನ್ನೂ ಬರೆದುಕೊಂಡಳು.

ಮರಳುವಾಗ ಊರ ಓಣಿಯಲ್ಲಿ ಹಾದು ಬಂದೆವು. ಕೆಲವು ಮನೆಗಳ ಬಾಗಿಲಿಗೆ ಬೀಗ. ಒಂದು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಮುದುಕಿಯನ್ನು ಹುಡುಗಿ ನೇರವಾಗಿ ಕೇಳಿಬಿಟ್ಟಳು, ಈ ಊರಾಗ ಎಷ್ಟು ಮಂದಿ ಅದೀರಿ ಎಂದು.

“ಯಾವಾಗಿಂದು ಹೇಳಲಿ ಯವ್ವಾ? ಮಳಿಗಾಲದಾಗ ಕೇಳಿದ್ರ ಒಂದು ಲೆಕ್ಕ, ಈಗ ಕೇಳಿದ್ರ ಒಂದು ಲೆಕ್ಕ. ಈ ಎದುರುಮನಿಯವ್ರು ಪುಣಾಕ ಹೋಗ್ಯಾರ. ಜಾತ್ರಿಗೆ ಬರ್ತಾರ.”

ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಮೂರು ಜನಗಣತಿಯಲ್ಲಿ ಮನೆ ಮನೆ ತಿರುಗಿದವನು ನಾನು. ಗಣತಿಯ ಕಷ್ಟವನ್ನು ಆ ಮುದುಕಿಯಷ್ಟು ಚೊಕ್ಕಾಗಿ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಟಂಟಂನಲ್ಲಿ ಕೂತು ಹುಡುಗಿಗೆ ಗಣತಿಯ ನಿಯಮ ಹೇಳಿದೆ. ಹಿರಿಯರಿಗೂ ಇದು ನೆನಪಿರಲಿ ಎಂದು ಇಲ್ಲಿ ಬರೆಯುತ್ತೇನೆ. ನಮ್ಮ ಕಡೆ, ಅಂದರೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, 1881ರಿಂದ ಹತ್ತು ವರ್ಷಕ್ಕೊಮ್ಮೆ ಎಣಿಕೆ ನಡೆಯಿತು. 1931ರವರೆಗೆ ದೇಶದಲ್ಲೆಲ್ಲ ಒಂದೇ ರಾತ್ರಿ ಎಣಿಸುವ ಪದ್ಧತಿ. ಕಂದೀಲು ಹಿಡಿದು ಮನೆ ಮನೆಗೆ ಹೋಗುತ್ತಿದ್ದರಂತೆ. 1921ರ ಎಣಿಕೆಯಲ್ಲಿ ದೇಶದ ಜನಸಂಖ್ಯೆ ಹಿಂದಿನ ಸಲಕ್ಕಿಂತ ಕಡಿಮೆ ಬಂತು. ಅದಕ್ಕೆ ದೊಡ್ಡ ಕಾರಣ 1918ರ ಇನ್‌ಫ್ಲುಯೆಂಜಾ. ನಮ್ಮ ಕಾಲಕ್ಕೆ ಒಂದೇ ರಾತ್ರಿಯ ಪದ್ಧತಿ ಹೋಗಿತ್ತು. 2001 ಮತ್ತು 2011ರಲ್ಲಿ ಫೆಬ್ರುವರಿ 9ರಿಂದ 28ರ ತನಕ ಮನೆ ಮನೆ ಸುತ್ತಿದೆವು. ಲೆಕ್ಕ ನಿಲ್ಲುವುದು ಮಾರ್ಚ್ 1 ಹುಟ್ಟುವ ನಡುರಾತ್ರಿ. ಫೆಬ್ರುವರಿ 28ರ ರಾತ್ರಿ ಹನ್ನೆರಡರೊಳಗೆ ಹುಟ್ಟಿದ ಕೂಸು ಲೆಕ್ಕಕ್ಕೆ ಸೇರುತ್ತದೆ, ಹನ್ನೆರಡು ಹೊಡೆದ ಮೇಲೆ ಹುಟ್ಟಿದ್ದು ಮುಂದಿನ ಗಣತಿಗೆ. ಅದಕ್ಕಾಗಿಯೇ ಮಾರ್ಚ್ ಮೊದಲ ಐದು ದಿನ ಮತ್ತೆ ಒಂದು ಸುತ್ತು ಹೋಗಿ, ಹುಟ್ಟಿದವರನ್ನು ಸೇರಿಸಿ ಸತ್ತವರನ್ನು ತೆಗೆಯುತ್ತಿದ್ದೆವು.

ಮನೆಯಿಲ್ಲದವರನ್ನು ಎಣಿಸುವುದು 28ರ ರಾತ್ರಿ. 2001ರಲ್ಲಿ ನಮ್ಮ ಗೋಗಿಯ ಚಂದಾ ಹುಸೇನಿ ದರ್ಗಾದ ಸುತ್ತಲಿನ ಪಾಲು ನನ್ನದಾಗಿತ್ತು. ವಿಜಯಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಆದಿಲ್ ಶಾ 1510ರಲ್ಲಿ ತೀರಿಕೊಂಡಾಗ ಅವನನ್ನು ತಂದು ಮಣ್ಣು ಮಾಡಿದ್ದು ಇಲ್ಲಿ, ಆ ಗುರುವಿನ ಸನ್ನಿಧಿಯಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ ಮಲಗಿದ್ದಾರೆ. ಗೋಳಗುಮ್ಮಟದಂಥ ಗುಮ್ಮಟ ಇವರಿಗಿಲ್ಲ, ನೋಡಲು ಬರುವವರೂ ಕಡಿಮೆ. ಆ ರಾತ್ರಿ ಅಲ್ಲಿ ಕಂಬಳಿ ಹೊದ್ದು ಮಲಗಿದ್ದವರನ್ನು ಬ್ಯಾಟರಿ ಬಿಟ್ಟು ಎಬ್ಬಿಸಿದೆ. ಹೆಸರೇನು, ವಯಸ್ಸೆಷ್ಟು? ಒಬ್ಬ ಮುದುಕಿ ಎದ್ದು ಕೂತು ಕೇಳಿದಳು: “ಎಣಿಸಿ ಏನ್ ಕೊಡ್ತೀರಿ ಎಪ್ಪಾ?”

ಏನೂ ಇಲ್ಲ ಎಂದೆ. ಅವಳು ಹೆಸರು ಹೇಳದೆ ಮತ್ತೆ ಮಗ್ಗುಲಾದಳು. ವಯಸ್ಸನ್ನು ನಾನೇ ಅಂದಾಜು ಮಾಡಿದೆ. ಹೆಸರಿನ ಜಾಗದಲ್ಲಿ ಏನು ಬರೆದೆನೋ ಈಗ ನೆನಪಿಲ್ಲ. ಐನೂರು ವರ್ಷದ ಹಿಂದಿನ ಸುಲ್ತಾನರ ಹೆಸರು ತಂದೆ ಮಗನ ಸಮೇತ ಗೊತ್ತಿರುವ ಜಾಗದಲ್ಲಿ, ನನ್ನ ಕಣ್ಣೆದುರಿಗೇ ಇದ್ದವಳ ಹೆಸರು ಗೊತ್ತಾಗಲಿಲ್ಲ. ಏನು ಕೊಡುತ್ತೀರಿ ಎಂಬುದಕ್ಕೆ ಉತ್ತರ ಇತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಶಾಲೆಗೆ ಕೋಣೆ ಎಷ್ಟು, ದವಾಖಾನೆ ಎಲ್ಲಿ, ಕ್ಷೇತ್ರದ ಗಡಿ ಯಾವುದು ಎಂದು ಲೆಕ್ಕ ಹಾಕುವಾಗ ಈ ಅಂಕಿಯನ್ನೇ ನೋಡುತ್ತಾರೆ. ಇವತ್ತಿಗೂ ಪಡಿತರ ಎಷ್ಟು ಮಂದಿಗೆ ಎಂಬ ಲೆಕ್ಕಕ್ಕೆ 2011ರ ಜನಸಂಖ್ಯೆಯೇ ಆಧಾರ.

“2011 ಯಾಕ್ರಿ? ಈಗಿಂದು ಇಲ್ಲೇನ್ರಿ?”

ಇಲ್ಲ. 2021ರ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. 2011ರ ಲೆಕ್ಕದಲ್ಲಿ ನಮ್ಮ ಯಾದಗಿರಿ ಜಿಲ್ಲೆಯಲ್ಲಿ 11,74,271 ಮಂದಿ. ನಮ್ಮ ಊರು ಆ ಪಟ್ಟಿಯಲ್ಲಿ ಒಂದಲ್ಲ, ಎರಡು: ಗೋಗಿ (ಕೆ), ಗೋಗಿ (ಪಿ). ಹುಡುಗಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ಅವಳು ಹುಟ್ಟಿದ್ದು 2014ರಲ್ಲಿ.

“ಹಂಗಾದ್ರ ನಾನು ಎದರಾಗೂ ಇಲ್ಲ!”

ಆರನೇ ತರಗತಿಯ ಹಾಜರಿ ಪುಸ್ತಕದಲ್ಲಿ ಇದ್ದೀ, ಆಧಾರ್ ಕಾರ್ಡಿನಲ್ಲಿ ಇದ್ದೀ, ಜನಗಣತಿಯಲ್ಲಿ ಮಾತ್ರ ಇಲ್ಲ ಎಂದೆ. ಈ ವಾರಪತ್ರಿಕೆ ಓದುವ ಶಾಲೆಯ ಮಕ್ಕಳಲ್ಲಿ ಬಹಳ ಮಂದಿಗೆ ಇದೇ ಮಾತು ಸಲ್ಲುತ್ತದೆ. ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ಸರ್ಕಾರ ಗೊತ್ತು ಮಾಡಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು. “ಅಪ್ಪ ಅವ್ವನ್ನ ಎಲ್ಲಿ ಎಣಿಸ್ತಾರ್ರಿ?”

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಅವಳ ತಂದೆತಾಯಿ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಹತ್ತಿ ತೊಗರಿ ಮುಗಿದ ಕೂಡಲೇ ಗುಳೆ ಹೋಗುತ್ತಾರೆ, ಮಳೆ ಬೀಳುವಾಗ ಬರುತ್ತಾರೆ. ನಮ್ಮ ಕಡೆಯ ಎಷ್ಟೋ ಓಣಿಗಳು ಹೀಗೆಯೇ. ಗಣತಿ ನಡೆಯುವುದು ಸರಿಯಾಗಿ ಆ ಬೀಗದ ತಿಂಗಳಲ್ಲಿ. ನಾನು ಮಾಡಿದ ಗಣತಿಗಳಲ್ಲಿ ನಿಯಮ ಹೀಗಿತ್ತು: ಆ ಇಪ್ಪತ್ತು ದಿನದಲ್ಲಿ ಒಂದು ದಿನವಾದರೂ ಊರ ಮನೆಯಲ್ಲಿದ್ದರೆ ಊರಲ್ಲೇ ಎಣಿಕೆ. ಪೂರ್ತಿ ಹೊರಗಿದ್ದರೆ ಎಲ್ಲಿದ್ದಾರೋ ಅಲ್ಲಿ. ದೇಶದ ಒಟ್ಟು ಲೆಕ್ಕದಲ್ಲಿ ಅವರು ತಪ್ಪುವುದಿಲ್ಲ, ಅಲ್ಲಿಯ ಶೆಡ್ಡಿಗೆ ಗಣತಿಯವರು ಹೋದರೆ! ಆದರೆ ಗೋಗಿಯ ಲೆಕ್ಕದಲ್ಲಿ ಅವರಿಲ್ಲ. ಬೀಗ ಹಾಕಿದ ಎಷ್ಟೋ ಬಾಗಿಲುಗಳ ಮುಂದೆ ನಿಂತು, ಒಳಗಿನವರ ಹೆಸರು ಹುಟ್ಟಿದ ದಿನದಿಂದ ನನಗೆ ಗೊತ್ತಿದ್ದರೂ, ಬರೆಯದೆ ಮುಂದಕ್ಕೆ ಹೋಗಿದ್ದೇನೆ. ನಿಯಮ ಸರಿಯೇ. ಒಬ್ಬರನ್ನು ಎರಡು ಕಡೆ ಬರೆಯಬಾರದು. ಆದರೂ ಕಾಲು ಎತ್ತಿಡುವುದು ಕಷ್ಟವಾಗುತ್ತಿತ್ತು.

ಆಯಿ ಇಷ್ಟು ಹೊತ್ತು ಪ್ರಸಾದದ ಚೀಲ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು. “ಒಂದು ದಿನ ಬಾ ಅಂತ ಹೇಳಿದ್ರಾತು ಬಿಡು” ಎಂದಳು.

ಸೋಮವಾರ ಹುಡುಗಿ ಬರೆದದ್ದನ್ನು ತಂದು ತೋರಿಸಿದಳು. ಎರಡು ಪುಟದ ಬದಲು ಐದು ಪುಟ ಆಗಿತ್ತು. ಇತಿಹಾಸದಲ್ಲಿ ಅಶೋಕ, ಸ್ತೂಪ, ದುಂಬಿ, ತೂತು ಕೊರೆದ ಕಲ್ಲು ಎಲ್ಲ ಇತ್ತು. ಸನ್ನತಿಯ ಜನಸಂಖ್ಯೆ ಎಂಬಲ್ಲಿ ಮೊದಲು ಕಲ್ಲು ಕೊಟ್ಟವರು, ಆಮೇಲೆ ಕಲ್ಲು ಎಳೆದವರು, ಆಮೇಲೆ ದೂರದಿಂದ ಬರುವ ಭಕ್ತರು, ಕೊನೆಗೆ ‘ಪುಣೆಗೆ ಹೋದವರು, ಜಾತ್ರೆಗೆ ಬರುತ್ತಾರೆ’. ಅಂಕಿ ಎಲ್ಲಿ ಎಂದು ಶಾಲೆಯಲ್ಲಿ ಕೇಳಿದರೆ ಮಾತ್ರ ನನ್ನನ್ನು ಕರೆಯಬೇಕಂತೆ.

ಐದನೇ ಪುಟ ಸನ್ನತಿಯದಲ್ಲ. ಗೋಗಿಯ ನಮ್ಮ ಓಣಿಯದು. ಮನೆಯ ಸಾಲಿಗೆ ಸರಿಯಾಗಿ ಹೆಸರು ಬರೆದಿದ್ದಳು. ಮೊದಲು ಅವಳದು, ಆಮೇಲೆ ಆಯಿ, ಆಮೇಲೆ ನಾವೆಲ್ಲ, ಮುದುಕರು ಮಕ್ಕಳು ಎಲ್ಲ. ಊರಲ್ಲಿರುವವರದ್ದು ನೀಲಿ ಪೆನ್ನಿನಲ್ಲಿ.

“ಅಪ್ಪಗ ಫೋನ್ ಮಾಡಿದ್ನಿರಿ. ಬರೋ ವರ್ಷ ಫೆಬ್ರುವರಿದಾಗ ಒಂದು ದಿನ ಬರ್ರಿ ಅಂದೆ. ಒಂದು ದಿನ ಅಲ್ಲವ್ವಾ, ಬರಾಕ ಒಂದು, ಹೋಗಾಕ ಒಂದು, ಮೂರು ದಿನದ ಪಗಾರ ಹೋಗ್ತದ ಅಂದ. ಆಮ್ಯಾಲ, ನೋಡಾಮು ಅಂದ.”

ಅದಕ್ಕೇ ಆ ಎರಡು ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದಾಳೆ.